ನಲವತ್ತೆಂಟು ತಿರುವುಗಳ ದಾರಿಗೆ ಮುನ್ನ

ಹಿಂದೂಪುರದ ಮೇಷ್ಟರುಗಳು ಮೋಟಾರು ಸೈಕಲು ಹತ್ತಿ ಯೂರೋಪಿನ ಆಲ್ಪ್ಸ್ ಪರ್ವತದ ದಾರಿಗಳನ್ನು ಸುತ್ತಿ ಬರುತ್ತಾರಂತೆ ಎಂದರೆ ಓದುಗರು ನಗಬಹುದು. ನಗಲಿ. ಆ ಮಾತು ಮೊದಲು ಎದ್ದಾಗ ನಾವೂ ನಕ್ಕವರೇ. ಆದರೆ ನಗೆಯಿಂದ ಆರಂಭವಾದ ಮಾತು ಒಂದು ನೋಟುಪುಸ್ತಕವಾಯಿತು. ಆ ಪುಸ್ತಕ ನಮಗೆ ಕಲಿಸಿದ ಪಾಠವನ್ನು ಕಾಸರಗೋಡಿನ ಓದುಗರ ಮುಂದಿಡಲು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ನಾವು ಎಂದರೆ ಆರು ಮಂದಿ. ಐವರು ಗಂಡಸರು, ಒಬ್ಬರು ಗಣಿತದ ಟೀಚರು. ಆಂಧ್ರಪ್ರದೇಶದ ಗಡಿಯಂಚಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಹೇಳುವವರು. ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರದ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. 1953ರಲ್ಲಿ ಆಂಧ್ರ ರಾಜ್ಯವಾದಾಗ ನಾವು ಆ ಕಡೆ ಉಳಿದೆವು, 1956ರಲ್ಲಿ ಕಾಸರಗೋಡಿನವರು ಕೇರಳಕ್ಕೆ ಸೇರಿದಿರಿ. ಹಾಗಾಗಿ ನಮ್ಮ ಸಂಗತಿಯನ್ನು ನಿಮಗೆ ಹೆಚ್ಚು ಬಿಡಿಸಿ ಹೇಳಬೇಕಾದ್ದಿಲ್ಲ. 2022ರಲ್ಲಿ ಜಿಲ್ಲೆಗಳನ್ನು ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ನಮ್ಮ ಆರು ಮಂದಿಯೂ ಹೀಗೆ ಎರಡು ಜಿಲ್ಲೆಗೆ ಹಂಚಿಹೋದೆವು.

ಮೋಟಾರು ಸೈಕಲು ನಮಗೆ ಷೋಕಿಯಲ್ಲ. ಹೊತ್ತಿಗೆ ಸರಿಯಾಗಿ ಬಸ್ಸು ಸಿಗದ ಊರುಗಳ ಶಾಲೆಗೆ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ಓಡಿಸಿ ಹತ್ತಿಪ್ಪತ್ತು ವರ್ಷ ಕಳೆದವರು ನಾವು. ನೂರು ಸಿ.ಸಿ.ಯ ಗಾಡಿ, ಹಿಂದೆ ಕಟ್ಟಿದ ಉತ್ತರ ಪತ್ರಿಕೆಗಳ ಕಟ್ಟು, ಹ್ಯಾಂಡಲಿಗೆ ತೂಗುವ ಊಟದ ಡಬ್ಬಿ. ಟೀಚರದು ಸ್ಕೂಟರು.

ಗೋಡೆಯ ಮೇಲಿನ ಚಿತ್ರ

ಕನಸಿನ ಮೂಲ ಕಲ್ಯಾಣದುರ್ಗದ ಮೇಷ್ಟರು. ನಮ್ಮೆಲ್ಲರಿಗಿಂತ ಹಿರಿಯರು, ನಿವೃತ್ತಿಗೆ ಒಂದೇ ವರ್ಷ ಬಾಕಿ. ಭೂಗೋಳ ಪಾಠ ಹೇಳುವವರು. ಅವರ ನಡುಮನೆಯ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆಗೆ ಕಟ್ಟು ಹಾಕಿಸಿ ನೇತುಹಾಕಿದ್ದಾರೆ. ಬೆಟ್ಟದ ಮೈಮೇಲೆ ಯಾರೋ ದಾರದುಂಡೆ ಬಿಚ್ಚಿ ಎಸೆದಂತೆ ಬಿದ್ದಿರುವ ರಸ್ತೆ. ಅದು ಇಟಲಿಯ ಸ್ಟೆಲ್ವಿಯೋ ಕಣಿವೆಮಾರ್ಗ.

ಈ ರಸ್ತೆಯ ಕತೆಯನ್ನು ಮೇಷ್ಟರು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಲೊಂಬಾರ್ಡಿ ಪ್ರಾಂತ ಆಸ್ಟ್ರಿಯದ ಚಕ್ರವರ್ತಿಯ ಕೈಯಲ್ಲಿದ್ದ ಕಾಲದಲ್ಲಿ, 1820ರಿಂದ 1825ರವರೆಗೆ ಕಾರ್ಲೋ ದೊನೆಗಾನಿ ಎಂಬ ಎಂಜಿನಿಯರು ಕಟ್ಟಿಸಿದ ದಾರಿಯದು. ಸಮುದ್ರಮಟ್ಟದಿಂದ 2,757 ಮೀಟರು ಎತ್ತರ. ನಿಮ್ಮ ಕೇರಳದ ಆನಮುಡಿ ದಕ್ಷಿಣ ಭಾರತದ ಅತಿ ಎತ್ತರದ ಶಿಖರವಷ್ಟೆ, ಅದು 2,695 ಮೀಟರು. ನಮ್ಮ ಶಿಖರದ ತುದಿಗಿಂತ ಅವರ ರಸ್ತೆಯೇ ಮೇಲಿದೆ! ಪ್ರಾಟ್ ಎಂಬ ಊರಿನ ಕಡೆಯಿಂದ ಹತ್ತಿದರೆ 48 ಹಿಮ್ಮುರಿ ತಿರುವುಗಳು. ಪ್ರತಿ ತಿರುವಿಗೂ ಕಲ್ಲಿನಲ್ಲಿ ಅಂಕಿ. ಆಗುಂಬೆಯ 14 ತಿರುವು ಇಳಿದವರು ಮೂರು ಆಗುಂಬೆಯನ್ನು ಒಂದರ ಮೇಲೊಂದು ಪೇರಿಸಿ, ಇನ್ನೂ ಆರು ತಿರುವು ಸೇರಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ.

ಅದೇ ಬಗೆಯ ಇನ್ನೊಂದು ದಾರಿ ಆಸ್ಟ್ರಿಯದ ಗ್ರೋಸ್‌ಗ್ಲಾಕ್ನರ್ ಮಾರ್ಗ. ಜಗತ್ತಿನ ಆರ್ಥಿಕ ಕುಸಿತದ ದಿನಗಳಲ್ಲಿ ಕೆಲಸವಿಲ್ಲದವರಿಗೆ ಕೆಲಸ ಕೊಟ್ಟು ಕಟ್ಟಿಸಿ 1935ರಲ್ಲಿ ತೆರೆದದ್ದು. 36 ತಿರುವು, ಸುಮಾರು 48 ಕಿಲೋಮೀಟರು. ಇದಕ್ಕೆ ಸುಂಕ ಕೊಡಬೇಕು.

"ಬರಗಾಲದ ಕಾಮಗಾರಿಯಲ್ಲಿ ನಮ್ಮ ಕಡೆ ಕೆರೆ ಏರಿ ಕಟ್ಟಿದರು, ಅವರು ಬೆಟ್ಟಕ್ಕೆ ದಾರಿ ಕಟ್ಟಿದರು, ಅಷ್ಟೇ ವ್ಯತ್ಯಾಸ" ಎನ್ನುತ್ತಾರೆ ಮೇಷ್ಟರು.

ನೋಟುಪುಸ್ತಕದ ಲೆಕ್ಕ

ಒಂದು ಬೇಸಗೆ ರಜೆಯಲ್ಲಿ ಹಿಂದೂಪುರದ ನಮ್ಮ ಮನೆಯ ಮಹಡಿಯಲ್ಲಿ ಆರು ಮಂದಿಯೂ ಕೂತೆವು. ಟೀಚರು ಇನ್ನೂರು ಪುಟದ ನೋಟುಪುಸ್ತಕ ತೆರೆದು ಗೆರೆ ಎಳೆದರು.

ಮೊದಲನೆಯದು ಕಾಲ. ಆಲ್ಪ್ಸಿನ ಎತ್ತರದ ದಾರಿಗಳು ಹಿಮ ಕರಗಿದ ಮೇಲೆ, ಸಾಮಾನ್ಯವಾಗಿ ಮೇ ಕೊನೆ ಇಲ್ಲವೆ ಜೂನಿನಲ್ಲಿ ತೆರೆದು, ಮತ್ತೆ ಹಿಮ ಬೀಳುವ ಹೊತ್ತಿಗೆ ಮುಚ್ಚುತ್ತವೆ. ನಮ್ಮ ಶಾಲೆಗಳು ಜೂನ್ ಮಧ್ಯದೊಳಗೆ ತೆರೆದುಬಿಡುತ್ತವೆ. ಉಳಿಯುವುದು ದಸರೆಯ ರಜೆ ಒಂದೇ.

ಎರಡನೆಯದು ಕಾಗದಪತ್ರ. ಸರಕಾರಿ ಕೆಲಸದವರಿಗೆ ಇಲಾಖೆಯ ಅನುಮತಿ ಬೇಕು. ಪಾಸ್‌ಪೋರ್ಟು ಬೇಕು. ಷೆಂಗೆನ್ ವೀಸಾಕ್ಕೆ 2024ರ ಜೂನಿನಿಂದ ಶುಲ್ಕ 90 ಯೂರೋ, ಅದರ ಜತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ಆರೋಗ್ಯ ವಿಮೆ. ಆರ್.ಟಿ.ಒ. ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬೇಕು, ಅದರ ಆಯುಸ್ಸು ಒಂದೇ ವರ್ಷ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ಇಳಿಯುವ ಬೈಕಿಗೂ 40 ಫ್ರಾಂಕಿನ ಚೀಟಿ ಕೊಳ್ಳಬೇಕು. ವಿಮಾನ, ಬಾಡಿಗೆ ಬೈಕು, ಊಟ, ವಸತಿ ಎಲ್ಲವನ್ನೂ ಕೂಡಿಸಿದಾಗ ನಮ್ಮ ಅಂದಾಜು ತಲೆಗೆ ಮೂರು ಲಕ್ಷ ದಾಟಿತು. ಟೀಚರು ಮೊತ್ತದ ಕೆಳಗೆ ಎರಡು ಗೆರೆ ಎಳೆದರು. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೂರನೆಯದು ರಸ್ತೆಯ ನಡತೆ. ಇದಕ್ಕೆ ನೆರವಾದವನು ನಮ್ಮ ಹಳೆಯ ವಿದ್ಯಾರ್ಥಿ. ಹತ್ತನೆಯವರೆಗೆ ಕನ್ನಡದಲ್ಲೇ ಓದಿ ಈಗ ಜರ್ಮನಿಯಲ್ಲಿ ಕೆಲಸದಲ್ಲಿರುವ ಹುಡುಗ. ಅವನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಬರೆದುಕೊಂಡೆವು. ಅಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ. ಇಪ್ಪತ್ತು ವರ್ಷ ಎಡಕ್ಕೆ ಬಾಗಿದ ಮೈ ಬಲಕ್ಕೆ ಒಗ್ಗಲು ಸಮತಟ್ಟಿನ ದಾರಿಯಲ್ಲಿ ಒಂದೆರಡು ದಿನವಾದರೂ ಬೇಕು. ಸ್ವಿಟ್ಜರ್ಲೆಂಡಿನ ಬೆಟ್ಟದ ದಾರಿಗಳಲ್ಲಿ ಹಳದಿ ಬಣ್ಣದ ಅಂಚೆ ಬಸ್ಸಿಗೆ ಮೊದಲ ಹಕ್ಕು. ಮೂರು ಸ್ವರದ ಅದರ ಹಾರ್ನು ಕೇಳಿದರೆ ಮುಂದಿನವರು ಚಾಲಕನ ಸೂಚನೆಯಂತೆ ನಿಲ್ಲಬೇಕು, ಬೇಕಾದರೆ ಹಿಂದಕ್ಕೂ ಸರಿಯಬೇಕು. ಆಸ್ಟ್ರಿಯದ ಟಿರೋಲ್ ಪ್ರಾಂತದ ಕೆಲವು ದಾರಿಗಳಲ್ಲಿ 2020ರಿಂದ ಬೇಸಗೆಯ ತಿಂಗಳುಗಳಲ್ಲಿ ಅತಿ ಸದ್ದಿನ ಮೋಟಾರು ಸೈಕಲುಗಳಿಗೆ ಪ್ರವೇಶವೇ ಇಲ್ಲ.

"ಸಾರ್, ಇಲ್ಲಿ ಸುಮ್ಮಸುಮ್ಮನೆ ಹಾರ್ನ್ ಹೊಡೆಯೋ ಹಾಗಿಲ್ಲ" ಎಂದ ಹುಡುಗ. ತರಗತಿಯಲ್ಲಿ ಅವನಿಗೆ ಸದ್ದು ಮಾಡಬೇಡವೆಂದು ಗದರಿಸಿದ್ದು ನೆನಪಾಗಿ ನಮಗೆ ನಗು ಬಂತು.

ಕೊನೆಗೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹಂಚಿದೆವು. ಹಣ, ಔಷಧಿ, ರಿಪೇರಿಯ ಸಾಮಾನು, ದಾರಿಯ ನಕ್ಷೆ, ಊಟ ವಸತಿ, ಕಾಗದಪತ್ರ. ಪುಸ್ತಕದಲ್ಲಿ ಆರು ಕಲಮು, ಆರು ಹೆಸರು. ಪೂರ್ತಿಯಾಯಿತೆಂದು ಬೀಗಿದೆವು.

ಮುಂದಿನ ಭಾನುವಾರ ಕಲ್ಯಾಣದುರ್ಗಕ್ಕೆ ಹೋದಾಗ ಮೇಷ್ಟರ ಮನೆಯ ಅಮ್ಮನವರು ಪುಸ್ತಕ ತೆಗೆದುಕೊಂಡು ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಕರಕೊಂಡು ಹೋಗೋದು ಗೊತ್ತಾಯ್ತಪ್ಪ. ಕರಕೊಂಡು ಬರೋದು ಯಾರ ಹೆಸರಿಗೆ ಬರಕೊಂಡಿದೀರಿ?"

ನಾವು ನಕ್ಕು ಮಾತು ತೇಲಿಸಿದೆವು. ಅವರು ನಗಲಿಲ್ಲ.

ನಂದಿಯ ತಿರುವು

ಅಭ್ಯಾಸಕ್ಕೆಂದು ಆಷಾಢದ ಒಂದು ಮುಂಜಾನೆ ಗೌರಿಬಿದನೂರಿನ ಮೇಲೆ ನಂದಿಬೆಟ್ಟಕ್ಕೆ ಹೊರಟೆವು. 1,478 ಮೀಟರಿನ ಬೆಟ್ಟ, ಸುತ್ತುಬಳಸಿನ ದಾರಿ. ನಮ್ಮದು ಬರದ ಸೀಮೆ. ಅನಂತಪುರದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು. ಒಣ ನೆಲದಲ್ಲಿ, ನೇರ ದಾರಿಯಲ್ಲಿ ಓಡಿಸಿ ಬೆಳೆದ ಕೈ ನಮ್ಮದು. ನಂದಿಯಲ್ಲಿ ಅಂದು ಜಡಿಮಳೆ, ಮಂಜು. ಹತ್ತು ಗಜದ ಆಚೆ ಏನೂ ಕಾಣದು.

ಮೊದಲಿನ ನಾಲ್ಕಾರು ತಿರುವು ಜತೆಯಾಗಿ ಹತ್ತಿದೆವು. ಆಮೇಲೆ ಮುಂದಿನವನಿಗೆ ಹುರುಪು ಬಂತು, ಅವನ ಹಿಂದಿನವನಿಗೆ ಅವನನ್ನು ಹಿಡಿಯುವ ಆತುರ. ತುದಿ ತಲಪಿ, ಕಾಫಿ ಹೇಳಿ, ಲೋಟ ಎಣಿಸುವಾಗ ಟೀಚರು ಕೇಳಿದರು: "ಆರನೆಯದು ಯಾರದು?"

ಮೇಷ್ಟರು ಬಂದಿರಲಿಲ್ಲ. ಫೋನು ಮಾಡಿದರೆ ಸಿಗದು. ಕಾಫಿಯನ್ನು ಅಲ್ಲೇ ಬಿಟ್ಟು ಇಳಿದೆವು. ಆ ಇಳಿತವನ್ನು ಈಗಲೂ ನೆನೆಯಲು ಇಷ್ಟವಿಲ್ಲ. ಒಂದೊಂದು ತಿರುವಿನಲ್ಲೂ ಕಣ್ಣು ರಸ್ತೆಯ ಮೇಲಲ್ಲ, ರಸ್ತೆಯ ಅಂಚಿನಾಚೆಗೆ ಹೋಗುತ್ತಿತ್ತು. ಅಮ್ಮನವರ ಮಾತು ಹೆಲ್ಮೆಟಿನೊಳಗೆ ಕೂತು ಕೇಳಿದಂತಾಗುತ್ತಿತ್ತು.

ಅರ್ಧ ದಾರಿಯಲ್ಲಿ ಮೋಟುಗೋಡೆಯ ಮೇಲೆ ಮೇಷ್ಟರು ಕೂತಿದ್ದರು. ಪಕ್ಕದಲ್ಲಿ ಹೆಲ್ಮೆಟು, ಎದುರಿಗೆ ಗಾಡಿ. ಕ್ಲಚ್ಚಿನ ತಂತಿ ತುಂಡಾಗಿತ್ತು. ಅವರು ಅಲ್ಲಿ ಮಳೆಯಲ್ಲಿ ಕೂತು ನಲವತ್ತು ನಿಮಿಷವಾಗಿತ್ತು.

"ಇಲ್ಲಿ ಗಾಳಿ ಚೆನ್ನಾಗಿದೆ ಕಣ್ರಯ್ಯ" ಎಂದರು. ಬೇರೆ ಒಂದು ಮಾತೂ ಇಲ್ಲ.

ಬದಲಿ ತಂತಿ ನಮ್ಮ ಸಾಮಾನಿನ ಚೀಲದಲ್ಲೇ ಇತ್ತು. ಆದರೆ ಆ ಚೀಲ ಇದ್ದದ್ದು ಎಲ್ಲರಿಗಿಂತ ಮುಂದೆ ಓಡಿದವನ ಗಾಡಿಯ ಮೇಲೆ!

ಮರುದಿನ ಸಂಜೆ ಮೇಷ್ಟರ ಫೋನು ಬಂತು. "ನನ್ನಿಂದ ನಿಮಗೆಲ್ಲ ತಡ ಆಗುತ್ತೆ. ನೀವು ಹೋಗಿಬನ್ನಿ. ಆ ತಿರುವುಗಳ ಒಂದು ಒಳ್ಳೆ ಫೋಟೋ ತಂದುಕೊಡಿ, ಸಾಕು" ಎಂದರು.

ಗೋಡೆಯ ಮೇಲಿನ ಚಿತ್ರವನ್ನು ನಮಗೆ ತೋರಿಸಿದವರನ್ನೇ ಬಿಟ್ಟು ನಾವು ಹೋಗುವುದೆ? ಒಬ್ಬರು ವಯಸ್ಸಿನ ಮಾತೆತ್ತಿದರು, ಇನ್ನೊಬ್ಬರು ಗಾಡಿ ಹಳೆಯದೆಂದರು. ಟೀಚರು ಎಲ್ಲ ಕೇಳಿಸಿಕೊಂಡು ಹೇಳಿದರು: "ಲೆಕ್ಕ ತಪ್ಪಿದ್ದು ಆರನೆಯವರದಲ್ಲ ಸಾರ್. ಹಿಂದೆ ತಿರುಗಿ ನೋಡದ ಐದು ಮಂದಿಯದು. ತರಗತಿಯಲ್ಲಿ ಕೊನೆಯ ಬೆಂಚಿನ ಹುಡುಗನಿಗೆ ಪಾಠ ಅರ್ಥ ಆಗದಿದ್ದರೆ ಹುಡುಗನನ್ನು ಶಾಲೆ ಬಿಡಿಸುತ್ತೀವಾ?"

ಇದಕ್ಕೆ ಉತ್ತರ ಹೇಳುವ ಮೇಷ್ಟರು ನಮ್ಮಲ್ಲಿ ಯಾರೂ ಇರಲಿಲ್ಲ.

ಹೊಸ ಕಟ್ಟಳೆ

ಅಂದಿನಿಂದ ನೋಟುಪುಸ್ತಕದ ಕಟ್ಟಳೆಗಳು ಬದಲಾದವು. ಗುಂಪಿನಲ್ಲಿ ಗಾಡಿ ಓಡಿಸುವ ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ.

ದಾರಿ ಬಲ್ಲವರು ಮುಂದೆ. ಎಲ್ಲರಿಗಿಂತ ನಿಧಾನದವರು ಅವರ ಹಿಂದೆಯೇ, ಎರಡನೆಯವರಾಗಿ. ಗುಂಪಿನ ವೇಗ ಅವರ ವೇಗ. ಕೈ ನುರಿತವರು ಎಲ್ಲರಿಗಿಂತ ಹಿಂದೆ, ಸಾಮಾನಿನ ಚೀಲ ಅವರ ಗಾಡಿಯ ಮೇಲೆ. ಅವರನ್ನು ದಾಟಿ ಯಾರೂ ಹಿಂದೆ ಉಳಿಯುವಂತಿಲ್ಲ.

ನೇರ ದಾರಿಯಲ್ಲಿ ಒಬ್ಬರು ಎಡಕ್ಕೆ, ಮುಂದಿನವರು ಬಲಕ್ಕೆ ಹೀಗೆ ಓರೆಸಾಲು. ಮುಂದಿನವರಿಗೂ ನಮಗೂ ನಡುವೆ ಎರಡು ಸೆಕೆಂಡಿನ ಅಂತರ, ಮಳೆಯಲ್ಲಿ ಅದರ ಎರಡರಷ್ಟು. ಘಾಟಿಯಲ್ಲಿ ಮಾತ್ರ ಒಂದೇ ಸಾಲು.

ಕವಲುದಾರಿ ಬಂದಾಗ ಹಿಂದಿನವರು ಕಾಣುವವರೆಗೆ ನಿಲ್ಲುವುದು. ಎಲ್ಲರೂ ಹೀಗೆ ಮಾಡಿದರೆ ಸರಪಳಿ ಎಲ್ಲೂ ಕಡಿಯದು.

ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಕೈಕೊಡುತ್ತದೆ. ತಿರುವಿನೊಳಕ್ಕೆ ಹೋಗುವ ಮುನ್ನವೇ ವೇಗ ತಗ್ಗಿಸಬೇಕು. ಕಣ್ಣು ಚಕ್ರದ ಮುಂದಲ್ಲ, ತಿರುವಿನ ಕೊನೆಯಲ್ಲಿರಬೇಕು. ಇಕ್ಕಟ್ಟಿನಲ್ಲಿ ಇಳಿಯುವ ಗಾಡಿ ಏರುವ ಗಾಡಿಗೆ ದಾರಿ ಬಿಡಬೇಕು.

ಹೆಲ್ಮೆಟು ತಲೆಗೆ, ಕೈಗಲ್ಲ. ಪಟ್ಟಿ ಬಿಗಿದಿರಬೇಕು. ಹಿಂದೆ ಕೂರುವವರಿಗೂ ಅದೇ ಕಾನೂನು. ಆಂಬುಲೆನ್ಸಿನ 108 ಮೂರು ರಾಜ್ಯಗಳಲ್ಲೂ ನಡೆಯುತ್ತದೆ. ದಾರಿಯಲ್ಲಿ ಬಿದ್ದವರಿಗೆ ನೆರವಾದವರನ್ನು ಕಾಡಬಾರದೆಂದು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಗೇ ಸೇರಿಸಿದ್ದಾರೆ. ಆದ್ದರಿಂದ ನೆರವಿಗೆ ಹೆದರಬೇಕಾಗಿಲ್ಲ.

ಈ ಕಟ್ಟಳೆಯಂತೆಯೇ ಸಾಲುಗಟ್ಟಿ ಐವರೂ ಕಲ್ಯಾಣದುರ್ಗಕ್ಕೆ ಹೋದೆವು. ಪುಸ್ತಕವನ್ನು ಅಮ್ಮನವರ ಕೈಗೆ ಕೊಟ್ಟು ಏಳನೆಯ ಕಲಮು ನೀವೇ ಬರೆಯಿರಿ ಎಂದೆವು. ಅವರು ಸ್ವಲ್ಪ ಯೋಚಿಸಿ ದುಂಡಗಿನ ಅಕ್ಷರದಲ್ಲಿ ಬರೆದರು: 'ಕರೆದುಕೊಂಡು ಬರುವುದು – ಎಲ್ಲರೂ.'

ಮೇಷ್ಟರು ಗೋಡೆಯ ಚಿತ್ರದ ಕಡೆ ನೋಡಿದರು. "ಆ ನಲವತ್ತೆಂಟು ತಿರುವು ಎಲ್ಲಿಗೂ ಓಡಿಹೋಗಲ್ಲ. 1825ರಿಂದ ಅಲ್ಲೇ ಬಿದ್ದಿವೆ. ಮೊದಲು ನಮ್ಮ ಘಟ್ಟ ಇಳಿಯೋದು ಕಲಿಯೋಣ. ನಾನು ಇನ್ನೂ ಪಡುವಣ ಕಡಲು ನೋಡಿಲ್ಲ" ಎಂದರು.

ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಗೆ ಅರಬ್ಬೀ ಸಮುದ್ರದ ಪಾಠ ಹೇಳಿದವರು ಅದನ್ನು ಕಣ್ಣಾರೆ ಕಂಡಿರಲಿಲ್ಲ. ನಮಗಿದು ಅಂದು ತಿಳಿಯಿತು.

ನಿಮ್ಮೂರಿನ ದಾರಿಗೆ

ಹೀಗೆ ಬರುವ ದಸರೆಗೆ ನಿಶ್ಚಯವಾದದ್ದು ಕಾಸರಗೋಡಿನ ಪ್ರವಾಸ. ಹಿಂದೂಪುರದಿಂದ ಮಧುಗಿರಿ, ತುಮಕೂರು, ಹಾಸನ, ಸಕಲೇಶಪುರ. ಶಿರಾಡಿಯಲ್ಲಿ ಲಾರಿಗಳ ಸಾಲು, ಅದಕ್ಕೆ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯ, ಸುಳ್ಯ, ಜಾಲ್ಸೂರು. ಅಲ್ಲಿಂದ ಆದೂರು, ಮುಳ್ಳೇರಿಯ, ಚೆರ್ಕಳ. ನಮ್ಮ ಲೆಕ್ಕಕ್ಕೆ ಸುಮಾರು 450 ಕಿಲೋಮೀಟರು. ಎಳೆಯರು ಒಂದು ದಿನದಲ್ಲಿ ಓಡಿಸಿಯಾರು, ನಾವು ಮೂರು ದಿನ ಇಟ್ಟುಕೊಂಡಿದ್ದೇವೆ. ಬಯಲಲ್ಲಿ ದಿನಕ್ಕೆ ಇನ್ನೂರು ಕಿಲೋಮೀಟರಿಗಿಂತ ಹೆಚ್ಚಿಲ್ಲ, ಘಟ್ಟದಲ್ಲಿ ನೂರಕ್ಕಿಂತ ಹೆಚ್ಚಿಲ್ಲ.

ಮರಳುವ ದಾರಿ ಹೊಸದುರ್ಗದಿಂದ ಪಾಣತ್ತೂರು, ಕರಿಕೆ, ಭಾಗಮಂಡಲ, ಮಡಿಕೇರಿ. ಇದರಲ್ಲಿ ಎರಡು ಎಚ್ಚರಿಕೆ ಬರೆದುಕೊಂಡಿದ್ದೇವೆ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳ ಮೆರವಣಿಗೆ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿ, ಭಾಗಮಂಡಲದಲ್ಲಿ ತೀರ್ಥೋದ್ಭವದ ಜನಜಂಗುಳಿ. ಆ ಎರಡು ದಿನ ಆ ದಾರಿ ಹಿಡಿಯುವುದಿಲ್ಲ. ಮತ್ತೆ, ಆ ಹೊತ್ತಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಹೆಚ್ಚಾದ್ದರಿಂದ ಘಟ್ಟ ಹತ್ತಿ ಇಳಿಯುವುದೆಲ್ಲ ಊಟದ ಹೊತ್ತಿನೊಳಗೆ ಮುಗಿಯಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಮಡಿಕೇರಿ–ಸಂಪಾಜೆ ದಾರಿ ಏನಾಯಿತೆಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಅಂಥ ಮಳೆ ಹಿಡಿದರೆ ಯೋಜನೆಯ ಪುಟ ಹರಿದು, ಹಿಡಿದ ಊರಿನಲ್ಲೇ ಕೂರುವುದೆಂದು ತೀರ್ಮಾನಿಸಿದ್ದೇವೆ.

ಬೇಕಲದ ಕೋಟೆಯನ್ನು ಕೆಳದಿಯ ಶಿವಪ್ಪನಾಯಕ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದನೆಂಬುದು ಪ್ರಸಿದ್ಧ. ಕೆಳದಿಯವರು ಮೊದಲು ವಿಜಯನಗರದ ಸಾಮಂತರು. 1565ರ ಯುದ್ಧದ ಮೇಲೆ ಆ ವಿಜಯನಗರದ ರಾಜಧಾನಿಯಾದದ್ದು ನಮ್ಮ ಹಿಂದೂಪುರಕ್ಕೆ ಹತ್ತಿರದ ಪೆನುಕೊಂಡೆ. ಆ ಲೆಕ್ಕದಲ್ಲಿ ನಾವು ಬರುವುದು ಪರವೂರಿಗಲ್ಲ. ಕೋಟೆಯ ಕೊತ್ತಲದ ಮೇಲೆ ಮೇಷ್ಟರನ್ನು ನಿಲ್ಲಿಸಿ ಕಡಲು ತೋರಿಸಬೇಕು. ಇಷ್ಟೇ ನಮ್ಮ ಈ ವರ್ಷದ ಆಲ್ಪ್ಸ್.

ಸ್ಟೆಲ್ವಿಯೋ ಮಾತು ಬಿಟ್ಟಿಲ್ಲ. ತಿಂಗಳು ತಿಂಗಳು ಆರು ಮಂದಿಯೂ ಚೀಟಿ ಹಣ ಕಟ್ಟುತ್ತಿದ್ದೇವೆ. ಮೇಷ್ಟರು ನಿವೃತ್ತರಾದ ಮೇಲೆ ಇಲಾಖೆಯ ಅನುಮತಿ ಕೇಳಬೇಕಾದವರು ಐದೇ ಮಂದಿ ಎಂದು ಟೀಚರು ಲೆಕ್ಕ ಹಾಕಿದ್ದಾರೆ.

ಕೊನೆಯಲ್ಲಿ ಕಾಸರಗೋಡಿನ ಓದುಗರಲ್ಲಿ ಒಂದು ಅರಿಕೆ. ದಸರೆಯ ರಜೆಯಲ್ಲಿ ಜಾಲ್ಸೂರು–ಚೆರ್ಕಳ ದಾರಿಯಲ್ಲಿ ಎ.ಪಿ. ಫಲಕದ ಐದು ಬೈಕು, ಒಂದು ಸ್ಕೂಟರು ಒಂದರ ಹಿಂದೊಂದು ಮೆಲ್ಲಗೆ ಬರುವುದು ಕಂಡರೆ ದಯವಿಟ್ಟು ಹಾರ್ನು ಹಾಕಿ ಅವಸರ ಮಾಡಬೇಡಿ. ಎರಡನೆಯ ಗಾಡಿಯಲ್ಲಿ ನೆರೆತ ಮೀಸೆಯವರೊಬ್ಬರು ಇರುತ್ತಾರೆ. ಬೇಕಾದರೆ ನಿಲ್ಲಿಸಿ ಮಾತಾಡಿಸಿ, ಚೀಲದಲ್ಲಿ ನಮ್ಮ ಸೀಮೆಯ ಕಡಲೆಕಾಯಿ ಇರುತ್ತದೆ. ಕರಿಕೆಯ ದಾರಿ ಹೇಗಿದೆಯೆಂದು ತಿಳಿದವರು ಹೇಳಿದರೆ ಉಪಕಾರವಾದೀತು. ಮತ್ತೆ, ಮಾತಾಡಿಸುವಾಗ ಒಂದು ಸಲ ತಲೆ ಎಣಿಸಿ ನೋಡಿ. ಆರು ಇರಬೇಕು.